ಎಲ್ಲರಿಗೂ ‘ದೊಡ್ಡಮ್ಮ’ ಬೇಕಾಗಿಲ್ಲ

ಆಗಸ್ಟ್ ಕೊನೆಯ ವಾರ. ಇಂಟರ್ನಲ್ಸ್ ಮುಗಿದ ರಾತ್ರಿ. ನಮ್ಮ ಕನ್ನಡ ಸಂಘದ ಹಳಬರು, ಹೊಸಬರು ಎಲ್ಲ ಇರೋ ವಾಟ್ಸಾಪ್ ಗ್ರೂಪಿಗೆ ಒಂದು ಪ್ರಶ್ನೆ ಬಂತು. ಕೇಳಿದವರು ಇಲ್ಲೇ ಮೆಕ್ಯಾನಿಕಲ್ ಓದಿ, ಈಗ ಅಮೆರಿಕದ ಕೊಲೊರಾಡೋದಲ್ಲಿ ಕೆಲಸದಲ್ಲಿರೋ ನಮ್ಮ ಸೀನಿಯರ್ ಅಣ್ಣ. ಕೊಡಗಿನವರು. “ಲೋ ಮರಿಗಳಾ, ಮುಂದಿನ ವರ್ಷದ ಸೀಸನ್ನಿಗೆ ಒಂದು ಬೋಲ್ಟ್ ಆ್ಯಕ್ಷನ್ ಬೇಟೆ ರೈಫಲ್ ತಗೋಬೇಕು. ಯಾವ ಕ್ಯಾಲಿಬರ್? ಸ್ಟಾಕ್ ಮರದ್ದಾ, ಪ್ಲಾಸ್ಟಿಕ್ಕಾ? ಲೆಕ್ಕ ಹಾಕಿ ಹೇಳ್ರೋ, ಇಂಜಿನಿಯರುಗಳು ತಾನೇ ನೀವು!”

ನಮಗೆ ಇಷ್ಟು ಸಾಕಾಯ್ತು. ಐದೇ ನಿಮಿಷದಲ್ಲಿ ಪೋಲ್ ಹಾಕಿದ್ವಿ. ಬೆಳಿಗ್ಗೆ ಎದ್ದು ನೋಡಿದ್ರೆ ಮುಕ್ಕಾಲು ವೋಟು .300 ವಿನ್ಚೆಸ್ಟರ್ ಮ್ಯಾಗ್ನಮ್‌ಗೆ. ಪಟ್ಟಿಯಲ್ಲಿದ್ದ ನಾಲ್ಕರಲ್ಲಿ ಅದೇ ದೊಡ್ಡದು, ಅದಕ್ಕೆ. ಕೆಜಿಎಫ್ ಎರಡನೇ ಭಾಗದ ‘ದೊಡ್ಡಮ್ಮ’ ಮೆಷಿನ್ ಗನ್ನಿನ ಸ್ಟಿಕ್ಕರ್ ಹನ್ನೆರಡು ಸಲ ಬಿತ್ತು. ಈ ಲೇಖನ ಬರೀತಿರೋ ನಾವು ನಾಲ್ವರೂ (ಇಬ್ಬರು ಮೆಕ್ಯಾನಿಕಲ್, ಒಬ್ಬಳು ಸಿವಿಲ್, ಒಬ್ಬ ಕಂಪ್ಯೂಟರ್ ಸೈನ್ಸ್) ಆ ರಾತ್ರಿ ದೊಡ್ಡಮ್ಮನಿಗೇ ವೋಟು ಹಾಕಿದ್ವಿ.

ಈಗ ಆ ವೋಟನ್ನ ವಾಪಸ್ ತಗೋತಿದ್ದೀವಿ. ಯಾಕೆ ಅಂತ ಹೇಳೋದಕ್ಕೇ ಇದನ್ನ ಬರೀತಿರೋದು. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ: ಬೇಟೆ ರೈಫಲ್ ಆರಿಸುವಾಗ ಕ್ಯಾಲಿಬರ್ ಬಗ್ಗೆ ಜನ ಆಡೋ ಮಾತು ಜಾಸ್ತಿ ಆಯ್ತು, ಸ್ಟಾಕ್ ಬಗ್ಗೆ ಆಡೋ ಮಾತು ತೀರಾ ಕಮ್ಮಿ ಆಯ್ತು. ನಿಮ್ಮ ಹೆಗಲು ತಡೆಯೋ ಕ್ಯಾಲಿಬರ್ ತಗೊಳ್ಳಿ, ನಿಮ್ಮ ಮೈಗೆ ಕೂರೋ ಸ್ಟಾಕ್ ತಗೊಳ್ಳಿ. ಉಳಿದ ದುಡ್ಡಲ್ಲಿ ತೋಟಾ ತಗೊಂಡು ಅಭ್ಯಾಸ ಮಾಡಿ.

ನಮಗ್ಯಾಕೆ ಈ ಉಸಾಬರಿ?

ನಮ್ಮ ಗ್ಯಾಂಗಿನ ಸಿವಿಲ್ ಹುಡುಗಿ ಸಸ್ಯಾಹಾರಿ. ಪೋಲ್ ಮುಗಿದ ಮೇಲೆ ಅವಳು ಕೇಳಿದ್ದು ಇದೇ. “ಪ್ರಾಣಿ ಕೊಲ್ಲೋದಕ್ಕೆ ನಾವ್ಯಾಕೆ ಎಕ್ಸೆಲ್ ಶೀಟ್ ಮಾಡ್ಬೇಕು?” ನ್ಯಾಯವಾದ ಪ್ರಶ್ನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನೋದು ಅಜ್ಜಂದಿರ ಕತೆ ಆಗಿದೆ. ಅದು ಹಾಗೇ ಇರಲಿ ಅಂತ ನಾವು ನಾಲ್ವರೂ ಒಪ್ತೀವಿ. ನಮ್ಮ ಕಾಡಲ್ಲಿ ಉಳಿದಿರೋದೇ ಇಷ್ಟು.

ಕೊಲೊರಾಡೋದ ಲೆಕ್ಕ ಬೇರೆ. ಅಲ್ಲಿ ಎಲ್ಕ್ ಅಂತ ಒಂದು ಪ್ರಾಣಿ ಇದೆ, ನಮ್ಮ ಕಡವೆಯ ಸಂಬಂಧಿ. ದೊಡ್ಡ ಗಂಡು 300 ಕೆಜಿ ದಾಟುತ್ತೆ. ಅದರ ಜೊತೆ ಮ್ಯೂಲ್ ಡೀರ್ ಅನ್ನೋ ಜಿಂಕೆ. ರಾಜ್ಯ ಸರ್ಕಾರವೇ ಲೈಸೆನ್ಸ್ ಕೊಟ್ಟು, ಸೀಸನ್ ಗೊತ್ತು ಮಾಡಿ, ಲೆಕ್ಕ ಹಾಕಿ ಬೇಟೆಗೆ ಬಿಡುತ್ತೆ. 1949ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಬೇಟೆ ಶಿಕ್ಷಣದ ಕೋರ್ಸ್ ಪಾಸಾಗಿರಬೇಕು. ರೈಫಲ್ ಸೀಸನ್ನಿನಲ್ಲಿ ಹೊಳೆಯೋ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆ 500 ಚದರ ಇಂಚಾದರೂ ಮೈಮೇಲೆ ಕಾಣಬೇಕು. ಅಣ್ಣನ ಹಾಗೆ ಕೆಲಸದ ವೀಸಾದಲ್ಲಿ ಇರೋರು ಸಾಮಾನ್ಯವಾಗಿ ಅಲ್ಲಿ ಬಂದೂಕು ಇಟ್ಕೊಳ್ಳೋ ಹಾಗಿಲ್ಲ. ಬೇಟೆಯ ಲೈಸೆನ್ಸ್ ಇದ್ರೆ ಮಾತ್ರ ಆ ಕಾನೂನಿನಲ್ಲಿ ವಿನಾಯಿತಿ. ಅಣ್ಣ ಇದನ್ನೆಲ್ಲ ಮುಗಿಸಿಯೇ ನಮ್ಮನ್ನ ಕೇಳಿದ್ದು.

ಬೇಟೆ ಸರಿಯೋ ತಪ್ಪೋ ಅನ್ನೋ ಚರ್ಚೆ ಇನ್ನೊಂದು ಸಂಚಿಕೆಗೆ ಇರಲಿ. ಆದ್ರೆ ಅಣ್ಣ ಆಮೇಲೆ ಫೋನಿನಲ್ಲಿ ಹೇಳಿದ ಒಂದು ವಿಷಯ ಕೇಳಿ ಸಸ್ಯಾಹಾರಿ ಗೆಳತಿಯೂ ಎಕ್ಸೆಲ್ ಶೀಟ್ ತೆರೆದಳು.

ಹೋದ ವರ್ಷ ಅಣ್ಣ ರೈಫಲ್ ಇಲ್ಲದೆ ಆಫೀಸಿನ ಒಬ್ಬರ ಜೊತೆ ಸುಮ್ನೆ ನೋಡೋಕೆ ಹೋಗಿದ್ದರು. ಆ ಮನುಷ್ಯನ ಕೈಲಿ ಹೊಚ್ಚಹೊಸ ಮ್ಯಾಗ್ನಮ್. ಅಂಗಡಿಯಿಂದ ತಂದು ಸ್ಕೋಪ್ ಸೆಟ್ ಮಾಡೋಕೆ ಹೊಡೆದ ಹತ್ತು ಹನ್ನೆರಡು ಗುಂಡು ಬಿಟ್ರೆ ಅಭ್ಯಾಸ ಸೊನ್ನೆ. ಯಾಕೆ ಅಂದ್ರೆ ಹೆಗಲು ನೋವು. ಬೆಳಿಗ್ಗೆ ಒಂದು ಗಂಡು ಎಲ್ಕ್ ಸಿಕ್ತು. ದೂರ ಜಾಸ್ತಿ ಏನಿಲ್ಲ. ಹೊಡೆದ. ಗುಂಡು ಎದೆಗೆ ಬೀಳೋ ಬದಲು ಹಿಂದೆ ಸರಿದು ಹೊಟ್ಟೆಗೆ ಬಿತ್ತು. ಪ್ರಾಣಿ ಬೀಳಲಿಲ್ಲ, ನಡ್ಕೊಂಡು ಮರಗಳ ಒಳಗೆ ಹೋಯ್ತು. ಕತ್ತಲಾಗೋವರೆಗೂ ಹಿಮದಲ್ಲಿ ರಕ್ತದ ಚುಕ್ಕೆ ಹುಡುಕ್ಕೊಂಡು ನಡೆದರು. ಮಾರನೇ ದಿನವೂ ಹುಡುಕಿದರು. ಸಿಗಲಿಲ್ಲ.

“ಅದು ಎಲ್ಲೋ ಮಲಗಿ ಎಷ್ಟು ಹೊತ್ತು ಒದ್ದಾಡ್ತೋ ಏನೋ. ಆ ಪಾಪ ನಂಗೆ ಬೇಡ” ಅಂದ್ರು ಅಣ್ಣ. ಅವರ ಪ್ರಶ್ನೆಯ ಹಿಂದೆ ಇದ್ದದ್ದು ಇದು. ನಾವು ಅದಕ್ಕೆ ಸ್ಟಿಕ್ಕರ್ ಕಳಿಸಿದ್ವಿ.

ಅಂಕಿಗಳು ಮೊದಲು ದಾರಿ ತಪ್ಪಿಸ್ತವೆ

ಬೋಲ್ಟ್ ಆ್ಯಕ್ಷನ್ ಅಂದ್ರೆ ಹೊಸಬರಿಗೆ ಒಂದು ಮಾತು. ಹಳೇ ಮನೆ ಬಾಗಿಲ ಅಗುಳಿ ನೆನಪಿಸಿಕೊಳ್ಳಿ. ಹಿಡಿ ಎತ್ತಿ ಹಿಂದೆ ಎಳೆದ್ರೆ ಖಾಲಿ ತೋಟಾ ಹೊರಗೆ ಬೀಳುತ್ತೆ. ಮುಂದೆ ತಳ್ಳಿ ಕೆಳಗೆ ಒತ್ತಿದ್ರೆ ಹೊಸ ತೋಟಾ ಒಳಗೆ ಹೋಗಿ ಬೀಗ ಬೀಳುತ್ತೆ. ಎನ್‌ಸಿಸಿಯಲ್ಲಿ .22 ರೈಫಲ್ ಹೊಡೆದವರಿಗೆ ಇದು ಗೊತ್ತು. ಸರಳ, ಗಟ್ಟಿ, ಕೈಕೊಡೋದು ಕಮ್ಮಿ.

ಕ್ಯಾಲಿಬರ್ ಅಂದ್ರೆ ನಳಿಗೆಯ ಅಥವಾ ಗುಂಡಿನ ವ್ಯಾಸ, ಇಂಚಿನ ಲೆಕ್ಕದಲ್ಲಿ. .308 ಅಂದ್ರೆ 0.308 ಇಂಚು, 7.82 ಮಿ.ಮೀ. ಇಷ್ಟೇ ಆಗಿದ್ರೆ ಎಷ್ಟು ಚೆನ್ನಾಗಿತ್ತು! ಆದ್ರೆ .308 ವಿನ್ಚೆಸ್ಟರ್ (1952), .30-06 ಸ್ಪ್ರಿಂಗ್‌ಫೀಲ್ಡ್ (1906, ಹಿಂದಿನ 06 ಇಸವಿಯದ್ದು), .300 ವಿನ್ಚೆಸ್ಟರ್ ಮ್ಯಾಗ್ನಮ್ (1963) ಮೂರರ ಗುಂಡಿನ ವ್ಯಾಸವೂ ಒಂದೇ, 0.308 ಇಂಚು. .270 ವಿನ್ಚೆಸ್ಟರ್‌ನ ಗುಂಡು 0.277 ಇಂಚು. ಅಂದ್ರೆ ಹೆಸರಿನ ಅಂಕಿ ಅರ್ಧ ಅಳತೆ, ಅರ್ಧ ಮಾರ್ಕೆಟಿಂಗ್. ವ್ಯತ್ಯಾಸ ಇರೋದು ಗುಂಡಿನ ಹಿಂದೆ ಎಷ್ಟು ಮದ್ದು ಸುಡುತ್ತೆ ಅನ್ನೋದರಲ್ಲಿ.

ನಮ್ಮ ದೇಶದ ಉದಾಹರಣೆ ಇನ್ನೂ ಮಜವಾಗಿದೆ. ಬಂಗಾಳದ ಇಶಾಪುರ ರೈಫಲ್ ಫ್ಯಾಕ್ಟರಿ ನಾಗರಿಕರಿಗೆ ಅಂತ .315 ಬೋಲ್ಟ್ ರೈಫಲ್ ಮಾಡುತ್ತೆ. ಆ ಕ್ಯಾಲಿಬರ್ ಹುಟ್ಟಿದ್ದು ಯಾವ ಬೇಟೆಗಾರನ ತಲೆಯಲ್ಲೂ ಅಲ್ಲ. ಸೈನ್ಯದ .303 ತೋಟಾ ಸಾಮಾನ್ಯ ಜನರ ಕೋವಿಗೆ ಹೊಂದಬಾರದು ಅಂತ ಬ್ರಿಟಿಷರು ನಾಗರಿಕರಿಗೆ ಬೇರೆ ಕ್ಯಾಲಿಬರ್ ಇಟ್ಟರು. ಅವರು ಹೋದರೂ .315 ಉಳೀತು.

ಹಾಸ್ಟೆಲ್ ಲೆಕ್ಕ

ಈಗ ನಮ್ಮ ಎಕ್ಸೆಲ್ ಶೀಟ್. .308 ಮತ್ತು .300 ಮ್ಯಾಗ್ನಮ್ ಎರಡಕ್ಕೂ ಒಂದೇ ತೂಕದ ಗುಂಡು ತಗೊಂಡ್ವಿ: 180 ಗ್ರೇನ್, ಸುಮಾರು 11.7 ಗ್ರಾಂ. .308 ಇದನ್ನ ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿ ಬಿಡುತ್ತೆ, ಮ್ಯಾಗ್ನಮ್ ಸುಮಾರು 900. ಮದ್ದು .308ಕ್ಕೆ 2.8 ಗ್ರಾಂ ಆಸುಪಾಸು, ಮ್ಯಾಗ್ನಮ್‌ಗೆ 4.7. ಮದ್ದಿನ ಗ್ಯಾಸ್ ಸೆಕೆಂಡಿಗೆ 1200 ಮೀಟರಿನಲ್ಲಿ ಹೊರಗೆ ಹೋಗುತ್ತೆ, ಸ್ಕೋಪ್ ಸೇರಿ ರೈಫಲ್ ತೂಕ 3.6 ಕೆಜಿ ಅಂತ ಇಟ್ಕೊಂಡು ಫಸ್ಟ್ ಸೆಮ್ ಫಿಸಿಕ್ಸಿನ ಸಂವೇಗ ಸಂರಕ್ಷಣೆ ಹಾಕಿದ್ವಿ.

ಗುಂಡಿನ ಶಕ್ತಿ: .308ಕ್ಕೆ ಸುಮಾರು 3,740 ಜೂಲ್, ಮ್ಯಾಗ್ನಮ್‌ಗೆ 4,740. ಕಾಲು ಭಾಗಕ್ಕಿಂತ ಚೂರು ಜಾಸ್ತಿ.

ಕೋವಿ ಹಿಂದಕ್ಕೆ ಒದೆಯೋ ಶಕ್ತಿ: .308ಕ್ಕೆ ಸುಮಾರು 22 ಜೂಲ್, ಮ್ಯಾಗ್ನಮ್‌ಗೆ 36. ಶೇಕಡಾ 60ರಷ್ಟು ಜಾಸ್ತಿ.

ಅಂದ್ರೆ ಪ್ರಾಣಿಗೆ ಹೋಗೋದು ಕಾಲು ಪಾಲು ಹೆಚ್ಚು, ನಿಮ್ಮ ಹೆಗಲಿಗೆ ಬರೋದು ಅರ್ಧಕ್ಕಿಂತ ಹೆಚ್ಚು. ಇದೇ ಶೀಟಿನಲ್ಲಿ 140 ಗ್ರೇನ್ ಗುಂಡಿನ 6.5 ಕ್ರೀಡ್‌ಮೋರ್ 16 ಜೂಲ್ ಆಸುಪಾಸು ಒದೆಯುತ್ತೆ, 100 ಗ್ರೇನಿನ .243 ಬರೀ 12.

“ಆ ಕಾಲು ಪಾಲು ಹೆಚ್ಚಿನ ಶಕ್ತಿ ಎಲ್ಕನ್ನ ಅಲ್ಲೇ ಬೀಳಿಸಬಹುದಲ್ಲ?” ಅಂತ ನಮ್ಮ ಕಂಪ್ಯೂಟರ್ ಸೈನ್ಸ್ ಗೆಳೆಯ ಕೇಳಿದ. ಸಿನಿಮಾದಲ್ಲಿ ಗುಂಡು ತಗುಲಿದ ವಿಲನ್ ಗೋಡೆ ಒಡ್ಕೊಂಡು ಹಾರ್ತಾನಲ್ಲ, ಹಾಗೆ. ಇದನ್ನೂ ಲೆಕ್ಕ ಹಾಕಿದ್ವಿ. .308 ಗುಂಡು ಪೂರ್ತಿ ವೇಗದಲ್ಲಿ ಹೋಗಿ 300 ಕೆಜಿ ಪ್ರಾಣಿಯ ಒಳಗೆ ನಿಂತಿತು ಅನ್ನಿ. ಪ್ರಾಣಿಗೆ ಸಿಗೋ ವೇಗ ಸೆಕೆಂಡಿಗೆ 3 ಸೆಂಟಿಮೀಟರ್ ಚಿಲ್ಲರೆ. ಮ್ಯಾಗ್ನಮ್‌ನಲ್ಲಿ ಮೂರೂವರೆ. ಎರಡೂ ಇರುವೆ ನಡಿಗೆ. ಗುಂಡು ಯಾವ ಪ್ರಾಣಿಯನ್ನೂ ತಳ್ಳಿ ಬೀಳಿಸಲ್ಲ. ಒಳಗೆ ಹೋಗಿ ಅಗಲವಾಗಿ ಅರಳಿ, ಶ್ವಾಸಕೋಶ, ಹೃದಯ ಹರಿದು, ರಕ್ತದೊತ್ತಡ ಇಳಿಸಿ ಕೊಲ್ಲುತ್ತೆ. ಸರಿಯಾದ ಜಾಗಕ್ಕೆ ಬಿದ್ರೆ ಕೆಲವೇ ಸೆಕೆಂಡು. ಹೊಟ್ಟೆಗೆ ಬಿದ್ರೆ ಗಂಟೆಗಟ್ಟಲೆ ನರಳಾಟ, ಅದು ಯಾವ ಕ್ಯಾಲಿಬರ್ರೇ ಆಗಿರಲಿ.

ಕೊಲೊರಾಡೋ ಕಾನೂನೂ ಇದನ್ನ ಒಪ್ಪಿಕೊಂಡ ಹಾಗಿದೆ. ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್, 85 ಗ್ರೇನ್ ಗುಂಡು, 100 ಗಜ ದೂರದಲ್ಲಿ 1,000 ಫುಟ್-ಪೌಂಡ್ ಶಕ್ತಿ (ಸುಮಾರು 1,356 ಜೂಲ್) ಇದ್ರೆ ಸಾಕು. .308 ಅಷ್ಟು ದೂರದಲ್ಲೂ ಇದರ ಎರಡು ಪಟ್ಟಿಗಿಂತ ಜಾಸ್ತಿ ಇಟ್ಕೊಂಡಿರುತ್ತೆ.

ಕೈಲ್ ಪೊಳ್ದಿನಲ್ಲಿ ಕಲಿತ ಪಾಠ

ಲೆಕ್ಕ ಹಾಕಿಯೂ ನಾವು ಪೂರ್ತಿ ಒಪ್ಪಿರಲಿಲ್ಲ. “36 ಜೂಲ್ ಏನ್ ಮಹಾ? ಎರಡು ಕೆಜಿ ಅಕ್ಕಿ ಮೂಟೆ ಎರಡು ಮೀಟರಿನಿಂದ ಬಿದ್ದ ಹಾಗೆ” ಅಂತ ನಕ್ಕಿದ್ವಿ. ನಮ್ಮ ಬುದ್ಧಿ ಸರಿಯಾಗಿದ್ದು ಸೆಪ್ಟೆಂಬರಿನಲ್ಲಿ, ಕೈಲ್ ಪೊಳ್ದ್ ಹಬ್ಬಕ್ಕೆ ಕ್ಲಾಸ್‌ಮೇಟ್ ಒಬ್ಬನ ಜೊತೆ ವಿರಾಜಪೇಟೆ ಕಡೆಯ ಅವನ ಊರಿಗೆ ಹೋದಾಗ.

ಗೊತ್ತಿಲ್ಲದವರಿಗೆ: ಕೈಲ್ ಪೊಳ್ದ್ ಕೊಡವರ ಆಯುಧ ಪೂಜೆ. ನಾಟಿ ಕೆಲಸ ಮುಗಿದ ಮೇಲೆ ಬರುತ್ತೆ. ಕೋವಿ, ಕತ್ತಿ ಎಲ್ಲ ಒರೆಸಿ ಇಟ್ಟು, ತೋಕ್ ಪೂ ಅನ್ನೋ ಕೆಂಪು ಹಳದಿ ಹೂವಿನಿಂದ ಅಲಂಕಾರ ಮಾಡಿ ಪೂಜೆ ಮಾಡ್ತಾರೆ. ತೋಕ್ ಅಂದ್ರೇನೇ ಕೋವಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ ಹತ್ತು ವರ್ಷಕ್ಕೆ ಮುಂದುವರಿಸಿತು. ಹಬ್ಬದ ದಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ.

ಸ್ಪರ್ಧೆಗೆ ಮುಂಚೆ ಗೆಳೆಯನ ದೊಡ್ಡಪ್ಪ ನಮಗೆ ಅಭ್ಯಾಸ ಮಾಡಿಸಿದ್ರು. ಮೊದಲು .22. ಒದೆತವೇ ಇಲ್ಲ. ನಮ್ಮಲ್ಲಿ ಇಬ್ಬರು ಕಾಯಿಗೆ ತಾಗಿಸಿದ್ವಿ, ಒಬ್ಬಳು ಮೂರಕ್ಕೆ ಎರಡು. ಆಮೇಲೆ 12 ಬೋರ್ ಕೋವಿ. ಅದರ ಒದೆತ ನಮ್ಮ ಶೀಟಿನ .308ಕ್ಕೂ ಮ್ಯಾಗ್ನಮ್‌ಗೂ ನಡುವೆ ಎಲ್ಲೋ ಬರುತ್ತೆ. ಮೊದಲ ಈಡಿಗೇ ಹೆಗಲು ಅದುರಿತು, ಕೆನ್ನೆಗೆ ಏಟು ಬಿತ್ತು. ಎರಡನೇದು, ಮೂರನೇದು. ಯಾರಿಗೂ ಕಾಯಿ ಸಿಗಲಿಲ್ಲ.

ನಾಲ್ಕನೇ ಸಲ ದೊಡ್ಡಪ್ಪ ಬೆನ್ನು ತಿರುಗಿಸಿ ಕೋವಿ ತುಂಬಿದ ಹಾಗೆ ಮಾಡಿ ನಮ್ಮ ಮೆಕ್ಯಾನಿಕಲ್ ಹೀರೋ ಕೈಗೆ ಕೊಟ್ಟರು. ಅವನು ಗುರಿ ಇಟ್ಟ, ಉಸಿರು ಹಿಡಿದ, ಟ್ರಿಗರ್ ಎಳೆದ. ಬರೀ ‘ಟಕ್’ ಅಂತು. ಒಳಗೆ ತೋಟಾನೇ ಇರಲಿಲ್ಲ. ಆದ್ರೆ ಅವನ ಕಣ್ಣು ಮುಚ್ಚಿತ್ತು, ಹೆಗಲು ಮುಂದೆ ಬಂದಿತ್ತು, ನಳಿಗೆ ಗೇಣುದ್ದ ಕೆಳಗೆ ಬಿದ್ದಿತ್ತು! ಮೈದಾನದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾವೂ ನಕ್ಕು, ನಮ್ಮ ಸರದಿ ಬಂದಾಗ ಅದನ್ನೇ ಮಾಡಿದ್ವಿ.

“ಒದೆತ ಬರೋಕೆ ಮುಂಚೆ ನೀವೇ ಒದ್ದುಕೊಳ್ತಿದ್ದೀರ. ಗುಂಡು ಎಲ್ಲಿಗೆ ಹೋಗ್ಬೇಕು ಪಾಪ?” ಅಂದ್ರು ದೊಡ್ಡಪ್ಪ.

ಇಂಗ್ಲಿಷಿನಲ್ಲಿ ಇದಕ್ಕೆ ಫ್ಲಿಂಚ್ ಅಂತಾರೆ. ಕನ್ನಡದಲ್ಲಿ ಬೆಚ್ಚೋದು ಅಂದ್ರೆ ಸಾಕು. ಇದು ಧೈರ್ಯದ ಪ್ರಶ್ನೆ ಅಲ್ಲ. ಮೈ ಒಂದು ಸಲ ಏಟು ತಿಂದ್ರೆ ಎರಡನೇ ಸಲ ತಾನೇ ಬೆಚ್ಚುತ್ತೆ, ನೀವು ಹೇಳಿದ ಮಾತು ಕೇಳಲ್ಲ. ಆ ಕೊಲೊರಾಡೋದ ಎಲ್ಕ್ ಹೊಟ್ಟೆಗೆ ಗುಂಡು ಬಿದ್ದದ್ದು ಹೇಗೆ ಅಂತ ನಮಗೆ ಆ ಮೈದಾನದಲ್ಲಿ ಅರ್ಥ ಆಯ್ತು.

ತೇಜಸ್ವಿಯವರು ಕನ್ನಡಕ್ಕೆ ತಂದ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಓದಿದವರು ನಮ್ಮಲ್ಲಿ ತುಂಬಾ ಜನ ಇದ್ದೀರ. 1926ರಲ್ಲಿ ಜಿಮ್ ಕಾರ್ಬೆಟ್ ಮಾವಿನ ಮರದ ಮೇಲೆ ಕೂತು ಕತ್ತಲಲ್ಲಿ ಆ ಚಿರತೆಯನ್ನ ಹೊಡೆದದ್ದು .275 ರಿಗ್ಬಿ ಬೋಲ್ಟ್ ರೈಫಲ್‌ನಿಂದ. ಅದು ಜರ್ಮನಿಯ 7×57 ಮೌಸರ್ ತೋಟಾಕ್ಕೆ ಇಂಗ್ಲಿಷ್ ಕಂಪನಿ ಇಟ್ಟ ಹೆಸರು. ಇವತ್ತಿನ ಲೆಕ್ಕದಲ್ಲಿ ಮೆತ್ತಗೆ ಒದೆಯೋ ಕ್ಯಾಲಿಬರ್. ಕಾರ್ಬೆಟ್ ಹತ್ತಿರ ಅದಕ್ಕಿಂತ ಎಷ್ಟೋ ಭಾರಿಯಾದ ಜೋಡುನಳಿಗೆ ರೈಫಲ್ಲೂ ಇತ್ತು. ಆ ರಾತ್ರಿ ಕೈಲಿದ್ದದ್ದು ಚಿಕ್ಕದು.

ದೊಡ್ಡಮ್ಮನ ಪರವಾಗಿ

ಎದುರು ವಾದವನ್ನೂ ಹೇಳಬೇಕು. ಗ್ರೂಪಿನಲ್ಲಿ ಕೆಲವರು ಬಿಡದೆ ವಾದ ಮಾಡಿದ್ದಾರೆ.

ಒಂದು, ದೂರ. ಕೊಲೊರಾಡೋ ಬಯಲು ಬೆಟ್ಟಗಳಲ್ಲಿ ಪ್ರಾಣಿ ದೂರದಲ್ಲಿ ಕಾಣುತ್ತೆ. ವೇಗದ ಗುಂಡು ಕಮ್ಮಿ ಇಳಿಯುತ್ತೆ. ನಿಜ. ಆದ್ರೆ ಎರಡನ್ನೂ 200 ಗಜಕ್ಕೆ ಸೆಟ್ ಮಾಡಿ 300 ಗಜಕ್ಕೆ ಹೊಡೆದ್ರೆ ಇಳಿತದ ವ್ಯತ್ಯಾಸ ಸುಮಾರು 5 ಸೆಂಟಿಮೀಟರ್. ಎಲ್ಕ್‌ನ ಎದೆಯಲ್ಲಿ ಗುರಿಯಿಡೋ ಜಾಗ ಒಂದು ಅಡಿಗಿಂತ ಅಗಲ. ಇನ್ನೂ ದೂರ ಹೋದ್ರೆ ಮ್ಯಾಗ್ನಮ್ ಗೆಲ್ಲುತ್ತೆ, ಒಪ್ತೀವಿ. ಆದ್ರೆ ಮೊದಲ ವರ್ಷದ ಬೇಟೆಗಾರ 400 ಗಜಕ್ಕೆ ಯಾಕೆ ಹೊಡೀಬೇಕು? ಹತ್ತಿರ ಹೋಗೋದನ್ನ ಕಲಿಯೋದೇ ಬೇಟೆ ಅಂತ ದೊಡ್ಡಪ್ಪನೂ ಅಂದ್ರು.

ಎರಡು, ಎಲ್ಕ್‌ನ ಗಾತ್ರ. ದಪ್ಪ ಮೂಳೆ, ದಪ್ಪ ಮೈ. ಇದಕ್ಕೆ ಉತ್ತರ ಮದ್ದಲ್ಲ, ಗುಂಡಿನ ರಚನೆ. ತಾಮ್ರದ ಕವಚ ಸೀಸಕ್ಕೆ ಗಟ್ಟಿಯಾಗಿ ಅಂಟಿರೋ ಗುಂಡು ಅಥವಾ ಪೂರ್ತಿ ತಾಮ್ರದ ಗುಂಡು ಒಡೆದು ಚೂರಾಗದೆ ಆಳಕ್ಕೆ ಹೋಗುತ್ತೆ. ಒಳ್ಳೆ ಗುಂಡು ಹಾಕಿದ .308, ಕೆಟ್ಟ ಗುಂಡು ಹಾಕಿದ ಮ್ಯಾಗ್ನಮ್‌ಗಿಂತ ಮೇಲು.

ಮೂರು, “ಅಭ್ಯಾಸ ಮಾಡಿದ್ರೆ ಒದೆತ ಸರಿಹೋಗುತ್ತೆ.” ಸರಿಹೋಗುತ್ತೆ, ವರ್ಷಗಟ್ಟಲೆ ಹೊಡೆದೋರಿಗೆ. ಆದ್ರೆ ಮ್ಯಾಗ್ನಮ್ ತೋಟಾ ದುಬಾರಿ, ಒದೆತ ಜಾಸ್ತಿ. ಹಾಗಾಗಿ ಅದನ್ನ ಕೊಂಡವರು ಅಭ್ಯಾಸ ಮಾಡೋದೇ ಕಮ್ಮಿ. ಅಭ್ಯಾಸ ಬೇಕಾದ ಕೋವಿಯೇ ಅಭ್ಯಾಸ ತಪ್ಪಿಸುತ್ತೆ.

ಹಾಗಾಗಿ ನಮ್ಮ ಹೊಸ ವೋಟು: ಎಲ್ಕ್, ಜಿಂಕೆ ಎರಡಕ್ಕೂ ಒಂದೇ ರೈಫಲ್ ಅಂದ್ರೆ .308. ಅಲ್ಲಿನ ಸಣ್ಣ ಊರಿನ ಅಂಗಡಿಯಲ್ಲೂ ತೋಟಾ ಸಿಗುತ್ತೆ. ಅಷ್ಟೂ ಒದೆತ ಬೇಡ ಅಂದ್ರೆ 6.5 ಕ್ರೀಡ್‌ಮೋರ್, ಆದ್ರೆ ಎಲ್ಕ್‌ಗೆ ಇನ್ನಷ್ಟು ಹತ್ತಿರ ಹೋಗೋ ಶಿಸ್ತು ಇರಬೇಕು.

ಯಾರೂ ಮಾತಾಡದ ಸ್ಟಾಕ್

ಸ್ಟಾಕ್ ಅಂದ್ರೆ ಹೆಗಲಿಗೆ ಆನಿಸಿ, ಕೆನ್ನೆ ಇಟ್ಟು, ಕೈಯಲ್ಲಿ ಹಿಡಿಯೋ ಭಾಗ. ಗ್ರೂಪಿನಲ್ಲಿ ಕ್ಯಾಲಿಬರ್ ಬಗ್ಗೆ ಇನ್ನೂರು ಮೆಸೇಜ್ ಬಂತು, ಇದರ ಬಗ್ಗೆ ಬಂದದ್ದು ಎರಡು: “ಮರ ಕ್ಲಾಸ್”, “ಕಾರ್ಬನ್ ಫೈಬರ್ ಮಾಸ್.” ನಮ್ಮ ಪ್ರಕಾರ ಅಣ್ಣ ಮೊದಲು ನೋಡಬೇಕಾದ್ದು ಮರವೋ ಪ್ಲಾಸ್ಟಿಕ್ಕೋ ಅಲ್ಲ, ಅಳತೆ.

ಟ್ರಿಗರಿನಿಂದ ಸ್ಟಾಕಿನ ಹಿಂಬದಿಯವರೆಗಿನ ಉದ್ದಕ್ಕೆ ಲೆಂತ್ ಆಫ್ ಪುಲ್ ಅಂತಾರೆ. ಕಾರ್ಖಾನೆಯಿಂದ ಬರೋ ರೈಫಲ್‌ಗಳಲ್ಲಿ ಇದು ಸಾಮಾನ್ಯವಾಗಿ 13.5 ಇಂಚಿನ ಆಸುಪಾಸು, ಅಂದ್ರೆ 34 ಸೆಂಟಿಮೀಟರ್ ಚಿಲ್ಲರೆ. ನಮ್ಮ ಅಣ್ಣ ಐದಡಿ ಐದಿಂಚು. ಅದರ ಮೇಲೆ ಕೊಲೊರಾಡೋ ಚಳಿಗೆ ದಪ್ಪ ಜಾಕೆಟ್ ಬೇರೆ. ಜಾಕೆಟ್ಟಿನ ದಪ್ಪವೂ ಆ ಉದ್ದಕ್ಕೆ ಸೇರಿಕೊಳ್ಳುತ್ತೆ. ಉದ್ದ ಜಾಸ್ತಿಯಾದ್ರೆ ಕೋವಿ ಹೆಗಲ ಗುಳಿಯಲ್ಲಿ ಕೂರಲ್ಲ, ತೋಳಿಗೆ ಜಾರುತ್ತೆ, ಕತ್ತು ಮುಂದೆ ಚಾಚಬೇಕು. ಅದೇ 22 ಜೂಲ್ ಆಗ ಎರಡರಷ್ಟು ನೋಯುತ್ತೆ. ಮೈದಾನದಲ್ಲಿ ನಮ್ಮ ಗೆಳತಿಗೆ ಆಗಿದ್ದು ಇದೇ. ದೊಡ್ಡಪ್ಪನ ಅಳತೆಯ ಕೋವಿ ಅವಳಿಗೆ ಉದ್ದ. ತೋಳಿನ ಮೇಲೆ ಒಂದು ವಾರ ನೀಲಿ ಗುರುತು.

ಇನ್ನೊಂದು ಅಳತೆ ಕೆನ್ನೆ ಇಡೋ ಜಾಗದ ಎತ್ತರ. ಹಳೇ ಮಾದರಿ ಸ್ಟಾಕ್‌ಗಳು ನಳಿಗೆಯ ಮೇಲಿನ ಕಬ್ಬಿಣದ ಗುರಿಮೂತಿ ನೋಡೋಕೆ ಮಾಡಿದ್ದು, ಕೆಳಗೆ ಇಳಿದಿರುತ್ತವೆ. ಅದರ ಮೇಲೆ ಸ್ಕೋಪ್ ಕೂರಿಸಿದ್ರೆ ಕಣ್ಣು ತಲುಪೋಕೆ ಕೆನ್ನೆ ಮೇಲೆತ್ತಬೇಕು. ಕೆನ್ನೆ ಗಾಳಿಯಲ್ಲಿದ್ರೆ ಒಂದೊಂದು ಸಲ ಒಂದೊಂದು ಕಡೆ ನೋಡ್ತೀರ, ಮೇಲೆ ಒದೆತಕ್ಕೆ ಮುಖಕ್ಕೆ ಏಟು. ಅಂಗಡಿಯಲ್ಲಿ ಕೋವಿ ಖಾಲಿ ಅಂತ ಖಾತ್ರಿ ಮಾಡ್ಕೊಂಡು, ಕಣ್ಣು ಮುಚ್ಚಿ ಹೆಗಲಿಗೆ ತಂದು, ಆಮೇಲೆ ಕಣ್ಣು ಬಿಡಬೇಕು. ಸ್ಕೋಪ್ ಪೂರ್ತಿ ವೃತ್ತವಾಗಿ ಕಂಡ್ರೆ ಅದು ನಿಮ್ಮ ಸ್ಟಾಕ್. ದೊಡ್ಡಪ್ಪ ಇದನ್ನ ಒಂದೇ ಮಾತಲ್ಲಿ ಹೇಳಿದ್ರು: “ಕೋವಿ ನಿನ್ನ ಹತ್ರ ಬರ್ಬೇಕು ಮಗಾ, ನೀನು ಕೋವಿ ಹತ್ರ ಹೋಗ್ಬಾರದು.”

ತೂಕವೂ ಸ್ಟಾಕಿನ ಲೆಕ್ಕವೇ. ಬೆಟ್ಟ ಹತ್ತೋಕೆ ಹಗುರ ಬೇಕು ಅಂತ ಕಾರ್ಬನ್ ಫೈಬರ್ ಹಾಕಿ 2.7 ಕೆಜಿಗೆ ಇಳಿಸಿದ್ರೆ, .308ನ 22 ಜೂಲ್ 30 ಆಗುತ್ತೆ. ಸಣ್ಣ ಕ್ಯಾಲಿಬರ್ ಆರಿಸಿ ಉಳಿಸಿದ್ದನ್ನ ಹಗುರ ಸ್ಟಾಕಿನಲ್ಲಿ ಕಳ್ಕೊಂಡ ಹಾಗೆ.

ಕೊನೆಗೆ ಯಾವ ವಸ್ತು ಅನ್ನೋದು. ಇಲ್ಲಿ ನಮ್ಮ ಸಿವಿಲ್ ಗೆಳತಿ ಪಾಠ ಮಾಡಿದಳು. ಜುಲೈನಲ್ಲಿ ನಮ್ಮ ಹಾಸ್ಟೆಲ್ ಬಾಗಿಲು ಹೊಸಿಲಿಗೆ ಕಚ್ಚಿಕೊಂಡು ಒದ್ದರೂ ತೆರೆಯಲ್ಲ, ಏಪ್ರಿಲ್‌ನಲ್ಲಿ ಸಲೀಸು. ಮರ ತೇವ ಕುಡಿದು ಎಳೆಗೆ ಅಡ್ಡವಾಗಿ ಊದಿಕೊಳ್ಳುತ್ತೆ, ಎಳೆಯ ಉದ್ದಕ್ಕೆ ಹೆಚ್ಚು ಕಮ್ಮಿ ಇಲ್ಲ. ರೈಫಲ್ ಸ್ಟಾಕಿನಲ್ಲಿ ಹೀಗಾದ್ರೆ ಮರ ನಳಿಗೆಯನ್ನ ಒಂದು ಪಕ್ಕಕ್ಕೆ ಒತ್ತುತ್ತೆ, ಬೇಸಿಗೆಯಲ್ಲಿ ಸೆಟ್ ಮಾಡಿದ ಗುರಿ ಹಿಮದಲ್ಲಿ ತಪ್ಪುತ್ತೆ. ಆಕ್ರೋಟು ಮರದ ಸ್ಟಾಕ್ ನೋಡೋಕೆ ಚೆಂದ. ಅಣ್ಣನ ಮನೆಯ ಅಜ್ಜನ ಕೋವಿಯ ಹಾಗೆ ಎಣ್ಣೆ ಕುಡಿದು ಹೊಳೆಯುತ್ತೆ. ಆದ್ರೆ ಆ ಕೋವಿಯನ್ನ ಕೊಡಗಿನ ಮಳೆಗಾಲದಲ್ಲಿ ವಾರಕ್ಕೊಮ್ಮೆ ಒರೆಸಿ ಎಣ್ಣೆ ಹಚ್ಚೋರು ಮನೆಯಲ್ಲಿದ್ದಾರೆ. ಬಾಡಿಗೆ ರೂಮಿನ ಅಣ್ಣನಿಗೆ ಅಷ್ಟು ಪುರುಸೊತ್ತು ಎಲ್ಲಿಂದ?

ಅಗ್ಗದ ಪ್ಲಾಸ್ಟಿಕ್ ತೇವಕ್ಕೆ ಹೆದರಲ್ಲ, ಆದ್ರೆ ಮುಂಭಾಗ ಬಾಗುತ್ತೆ. ಬೆಲ್ಟ್ ಬಿಗಿದ್ರೆ, ಕಲ್ಲಿಗೆ ಆನಿಸಿದ್ರೆ ಕೆಲವು ನಳಿಗೆಗೆ ತಾಗುತ್ತವೆ. ಕಾರ್ಬನ್ ಫೈಬರ್ ಗಟ್ಟಿ, ಹಗುರ, ದುಬಾರಿ. ನಮ್ಮ ಆಯ್ಕೆ ನಡುವಿನದ್ದು: ಲ್ಯಾಮಿನೇಟ್. ತೆಳು ಮರದ ಹಾಳೆಗಳಿಗೆ ಅಂಟು ಕುಡಿಸಿ ಒತ್ತಿ ಮಾಡಿದ್ದು, ಪ್ಲೈವುಡ್ಡಿನ ಅಣ್ಣತಮ್ಮ. ತೇವಕ್ಕೆ ಅಷ್ಟಾಗಿ ಅಲ್ಲಾಡಲ್ಲ, ತೂಕ ಜಾಸ್ತಿ. ಆ ತೂಕ ಬೆಟ್ಟ ಹತ್ತುವಾಗ ಬೈಗುಳ ತಿನ್ನುತ್ತೆ, ಹೊಡೆಯುವಾಗ ಹೆಗಲು ಕಾಯುತ್ತೆ. ಮುಖ್ಯವಾಗಿ ಅದು ಮರವೇ. ಹಿಂಬದಿಯಲ್ಲಿ ಎರಡು ಸೆಂಟಿಮೀಟರ್ ಕತ್ತರಿಸಿ, ರಬ್ಬರ್ ಪ್ಯಾಡ್ ಕೂರಿಸಿ, ಅಣ್ಣನ ಅಳತೆಗೆ ಮಾಡಿಸಬಹುದು. ಯಾವುದೇ ತಗೊಂಡ್ರೂ ನಳಿಗೆ ಸ್ಟಾಕಿಗೆ ತಾಗದೆ ತೇಲಬೇಕು. ಒಂದು ನೋಟು ನಳಿಗೆ ಮತ್ತು ಸ್ಟಾಕಿನ ನಡುವೆ ಸಲೀಸಾಗಿ ಜಾರಿದ್ರೆ ಪಾಸ್.

ಅಣ್ಣನಿಗೆ

ಇದನ್ನೆಲ್ಲ ಬರೆದು ಮುಗಿಸೋ ಹೊತ್ತಿಗೆ ನಮಗೊಂದು ನಾಚಿಕೆ ಆಗಿದೆ. ಪ್ರಾಜೆಕ್ಟಿಗೆ ಮೋಟರ್ ಆರಿಸುವಾಗ ದೊಡ್ಡದೇ ಇರಲಿ, ಲ್ಯಾಪ್‌ಟಾಪ್ ತಗೊಳ್ಳುವಾಗ ದೊಡ್ಡ ಅಂಕಿಯದ್ದೇ ಇರಲಿ ಅನ್ನೋ ಚಾಳಿ ನಮಗೆ ಮೊದಲಿಂದ ಇದೆ. ಅಲ್ಲಿ ತಪ್ಪಿದ್ರೆ ನಮ್ಮ ದುಡ್ಡು ಹೋಗುತ್ತೆ. ಇಲ್ಲಿ ತಪ್ಪಿದ್ರೆ ಅದರ ಬೆಲೆ ತೆರೋದು ನಮ್ಮ ಪೋಲಿನಲ್ಲಿ ವೋಟೇ ಇಲ್ಲದ ಒಂದು ಪ್ರಾಣಿ.

ಹಾಗಾಗಿ ಅಣ್ಣ, ನಾಲ್ವರ ಪರವಾಗಿ: .308, ಲ್ಯಾಮಿನೇಟ್ ಸ್ಟಾಕ್, ನಿಮ್ಮ ಅಳತೆಗೆ ಕತ್ತರಿಸಿದ್ದು, ಜಾಕೆಟ್ ಹಾಕ್ಕೊಂಡೇ ಅಳತೆ ಕೊಡಿ. ಮ್ಯಾಗ್ನಮ್‌ಗೆ ಹಾಕಬೇಕಿದ್ದ ಹೆಚ್ಚಿನ ದುಡ್ಡಿಗೆ ತೋಟಾ ತಗೊಂಡು ಶನಿವಾರ ಶನಿವಾರ ರೇಂಜಿಗೆ ಹೋಗಿ. ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಹೋಗಿ, ನಡುನಡುವೆ ನಿಮಗೆ ಗೊತ್ತಾಗದ ಹಾಗೆ ಖಾಲಿ ಕೋವಿ ಕೊಡಲಿ. ನಳಿಗೆ ಅಲ್ಲಾಡದ ದಿನ ನಮಗೊಂದು ವಿಡಿಯೋ ಕಳಿಸಿ.

ಮುಂದಿನ ಸೀಸನ್ನಿನಲ್ಲಿ ಖಾತ್ರಿ ಇಲ್ಲದ ಗುರಿ ಸಿಕ್ಕಿದ್ರೆ ಹೊಡೀಬೇಡಿ. ಬರಿಗೈಲಿ ವಾಪಸ್ ಬಂದ್ರೂ ಗ್ರೂಪಿನಲ್ಲಿ ಯಾರೂ ಸ್ಟಿಕ್ಕರ್ ಹಾಕಲ್ಲ. ಅದಕ್ಕೆ ನಾವು ಗ್ಯಾರಂಟಿ.